ರಸ್ತೆಯ ಬಾಡಿಗೆ ಯಾರು ಕೊಡಬೇಕು?

2025ರ ಮಾರ್ಚ್ 10ರಂದು ಮಹಾರಾಷ್ಟ್ರದ ಅಂದಿನ ಅರ್ಥಸಚಿವ ಅಜಿತ್ ಪವಾರ್ ಬಜೆಟ್ ಮಂಡಿಸಿದರು. ಕಾರು ಕೊಳ್ಳುವವರಿಗೆ ತಾಗುವಂಥ ಮೂರು ಪ್ರಸ್ತಾವಗಳು ಅದರಲ್ಲಿದ್ದವು. ಸ್ವಂತ ಬಳಕೆಯ ಸಿಎನ್‌ಜಿ ಮತ್ತು ಎಲ್‌ಪಿಜಿ ಕಾರುಗಳ ಮೇಲಿನ ತೆರಿಗೆ ಶೇ 1ರಷ್ಟು ಹೆಚ್ಚಬೇಕು. ಒಂದು ವಾಹನಕ್ಕೆ ವಿಧಿಸಬಹುದಾದ ಗರಿಷ್ಠ ತೆರಿಗೆ 20 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಬೇಕು. 30 ಲಕ್ಷಕ್ಕಿಂತ ಹೆಚ್ಚು ಬೆಲೆಯ ಎಲೆಕ್ಟ್ರಿಕ್ ಕಾರುಗಳು ಶೇ 6ರಷ್ಟು ತೆರಿಗೆ ಕೊಡಬೇಕು. ಹದಿನಾರು ದಿನಗಳಲ್ಲಿ ಮೂರನೆಯದು ಬಿದ್ದುಹೋಯಿತು. ಮೊದಲನೆಯದು ಉಳಿದು, ಅದೇ ಜುಲೈ 1ರಿಂದ ಜಾರಿಗೆ ಬಂತು.

ಬಿದ್ದದ್ದು ಹೇಗೆ ಎಂಬುದು ಕುತೂಹಲದ ಸಂಗತಿ. ಆಗ 288 ಸ್ಥಾನಗಳ ವಿಧಾನಸಭೆಯಲ್ಲಿ ಆಡಳಿತ ಮೈತ್ರಿಕೂಟದ ಕೈಯಲ್ಲಿ ಸುಮಾರು 230 ಸ್ಥಾನಗಳಿದ್ದವು. ಮತಕ್ಕೆ ಹಾಕಿ ತೆರಿಗೆಯನ್ನು ಸೋಲಿಸುವ ಮಾತೇ ಇರಲಿಲ್ಲ. ಆಕ್ಷೇಪ ಬಂದದ್ದು ವಿಧಾನ ಪರಿಷತ್ತಿನಲ್ಲಿ. ಸಂವಿಧಾನದ 198ನೇ ವಿಧಿಯ ಪ್ರಕಾರ ಪರಿಷತ್ತಿಗೆ ಹಣಕಾಸು ಮಸೂದೆಯನ್ನು ತಡೆಯುವ ಅಧಿಕಾರವಿಲ್ಲ. ಹದಿನಾಲ್ಕು ದಿನಗಳೊಳಗೆ ಸಲಹೆ ಕೊಟ್ಟು ಹಿಂದಿರುಗಿಸಬಹುದು, ಅಷ್ಟೆ. ಅಂಥ ಸದನದಲ್ಲಿ ಶಿವಸೇನೆಯ ಉದ್ಧವ್ ಬಣದ ಅನಿಲ್ ಪರಬ್ ವಿಷಯ ಎತ್ತಿದರು. 2021ರಲ್ಲಿ ಮಹಾರಾಷ್ಟ್ರ ತನ್ನ ಎಲೆಕ್ಟ್ರಿಕ್ ವಾಹನ ನೀತಿಯನ್ನು ಪ್ರಕಟಿಸಿದಾಗ ಸಾರಿಗೆ ಸಚಿವರಾಗಿದ್ದವರು ಅವರೇ. ಮಾರ್ಚ್ 26ರಂದು ಮುಖ್ಯಮಂತ್ರಿ ದೇವೇಂದ್ರ ಫಡಣವೀಸ್ ಉತ್ತರ ಕೊಡುತ್ತಾ, ಈ ತೆರಿಗೆಯಿಂದ ಹೇಳಿಕೊಳ್ಳುವಷ್ಟು ಆದಾಯವಿಲ್ಲ, ಎಲೆಕ್ಟ್ರಿಕ್ ವಾಹನಗಳ ಬಗ್ಗೆ ತಪ್ಪು ಸಂದೇಶ ಹೋಗುತ್ತದೆ, ಆದ್ದರಿಂದ ವಿಧಿಸುವುದಿಲ್ಲ ಎಂದರು. ಸಂಖ್ಯಾಬಲವಿಲ್ಲದ ವಿರೋಧ ಪಕ್ಷ, ಅಧಿಕಾರವಿಲ್ಲದ ಸದನದಲ್ಲಿ ಗೆದ್ದಿತ್ತು.

ಈ ಗೆಲುವು ಯಾರದು ಎಂದು ಕೇಳುವುದಕ್ಕೆ ದೇಹೂ ರೋಡ್ ಒಳ್ಳೆಯ ಜಾಗ. ಪುಣೆಯ ಈ ದಂಡು ಪ್ರದೇಶದಲ್ಲಿ ಹಳೆಯ ಮುಂಬೈ–ಪುಣೆ ಹೆದ್ದಾರಿಯಿಂದ ಕಾತ್ರಜ್ ಬೈಪಾಸ್ ಕವಲೊಡೆಯುತ್ತದೆ. ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿನ ಕಡೆಗೆ ಹೋಗುವ ಗಾಡಿಗಳು ತಿರುಗುವುದು ಇಲ್ಲೇ. ಒಂದು ಕಡೆ ಟಾಟಾ ಮೋಟರ್ಸ್‌ನ ಪಿಂಪ್ರಿ, ಇನ್ನೊಂದು ಕಡೆ ಮಹೀಂದ್ರ ಮತ್ತು ಮರ್ಸಿಡಿಸ್-ಬೆಂಜ್‌ನ ಚಾಕಣ್. ಆ ಹೊತ್ತಿಗೆ ಚಾಕಣ್‌ನಲ್ಲಿ ತಯಾರಾಗುತ್ತಿದ್ದ ಮಹೀಂದ್ರದ ಹೊಸ ಎಲೆಕ್ಟ್ರಿಕ್ ಕಾರುಗಳಲ್ಲಿ ಅತಿ ದುಬಾರಿ ಮಾದರಿ ಮಾತ್ರ 30 ಲಕ್ಷದ ಗೆರೆಯನ್ನು ತುಸು ದಾಟಿತ್ತು. ಅಂದರೆ ಸಾಮಾನ್ಯರು ಕೊಳ್ಳುವ ಎಲೆಕ್ಟ್ರಿಕ್ ಕಾರಿಗೆ ಆ ತೆರಿಗೆ ತಾಗುತ್ತಲೇ ಇರಲಿಲ್ಲ. 35 ಲಕ್ಷದ ಎಲೆಕ್ಟ್ರಿಕ್ ಕಾರು ಕೊಳ್ಳುವವರಿಗೆ ಮಾರ್ಚ್ 26ರ ಮಾತಿನಿಂದ 2,10,000 ರೂಪಾಯಿ ಉಳಿಯಿತು. 9 ಲಕ್ಷದ ಸಿಎನ್‌ಜಿ ಕಾರು ಕೊಳ್ಳುವವರು ಜುಲೈ 1ರಿಂದ 9,000 ರೂಪಾಯಿ ಹೆಚ್ಚು ಕೊಟ್ಟರು: ಮೊದಲು ಶೇ 7 ಇದ್ದದ್ದು ಶೇ 8 ಆಯಿತು.

ಈ ತೆರಿಗೆಗೆ ನಾವು ಕೊಟ್ಟಿರುವ ಹೆಸರುಗಳನ್ನೇ ನೋಡಿ. ಕನ್ನಡದಲ್ಲಿ ಅದು ‘ಜೀವಾವಧಿ ತೆರಿಗೆ’, ಮರಾಠಿಯಲ್ಲಿ ‘ಏಕರಕಮೀ ಕರ’, ಅಂದರೆ ಒಂದೇ ಕಂತಿನಲ್ಲಿ ಕೊಡುವ ತೆರಿಗೆ. ಶೋರೂಮಿನಲ್ಲಿ ಮಾತ್ರ ಎರಡೂ ಕಡೆ ‘ರೋಡ್ ಟ್ಯಾಕ್ಸ್’. ಕಾನೂನಿನ ಹೆಸರಿನಲ್ಲಿ ರಸ್ತೆಯ ಸುದ್ದಿಯೇ ಇಲ್ಲ. ಕರ್ನಾಟಕದ 1957ರ ಕಾಯ್ದೆಯಾಗಲಿ, ಮುಂಬೈ ರಾಜ್ಯದಿಂದ ಮಹಾರಾಷ್ಟ್ರಕ್ಕೆ ಬಂದ 1958ರ ಕಾಯ್ದೆಯಾಗಲಿ ಹೇಳುವುದು ಮೋಟಾರು ವಾಹನ ತೆರಿಗೆ ಎಂದು. ಸಂವಿಧಾನದ ರಾಜ್ಯಪಟ್ಟಿಯ 57ನೇ ನಮೂದೂ ವಾಹನಗಳ ಮೇಲಿನ ತೆರಿಗೆ ಎಂದೇ ಹೇಳುತ್ತದೆ. ಆದರೂ ಜನರ ಬಾಯಲ್ಲಿ ಉಳಿದದ್ದು ರಸ್ತೆ. ನಾವು ಕೊಡುವುದು ರಸ್ತೆಯ ಬಾಡಿಗೆ ಎಂಬ ಭಾವನೆ ಆ ಹೆಸರಿನಲ್ಲಿದೆ.

ಈ ಭಾವನೆಗೆ ಒಂದು ಇತಿಹಾಸವೂ ಉಂಟು. 1927ರಲ್ಲಿ ಬ್ರಿಟಿಷ್ ಸರ್ಕಾರ ಭಾರತದ ರಸ್ತೆಗಳ ಅಭಿವೃದ್ಧಿಗೆ ದಾರಿ ಹುಡುಕಲು ಕೇಂದ್ರ ಶಾಸನಸಭೆಯ ಎರಡೂ ಸದನಗಳ ಸದಸ್ಯರ ಸಮಿತಿಯೊಂದನ್ನು ನೇಮಿಸಿತು. ಅಧ್ಯಕ್ಷರು ಮುಂಬೈಯ ಬ್ಯಾರಿಸ್ಟರ್ ಎಂ.ಆರ್. ಜಯಕರ್. ಪುಣೆಯ ವಿದ್ಯಾರ್ಥಿಗಳಿಗೆ ಅವರು ಗೊತ್ತಿರುವುದು ಗ್ರಂಥಾಲಯದ ಹೆಸರಾಗಿ. 1948ರಲ್ಲಿ ಪುಣೆ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದವರು ಅವರು. ರಸ್ತೆಗಳ ಹೊರೆ ಪ್ರಾಂತಗಳ ಮತ್ತು ಸ್ಥಳೀಯ ಸಂಸ್ಥೆಗಳ ಶಕ್ತಿ ಮೀರಿದೆ ಎಂದು ಸಮಿತಿ ಕಂಡುಕೊಂಡಿತು. 1929ರಲ್ಲಿ ಗ್ಯಾಲನ್ ಪೆಟ್ರೋಲಿನ ಮೇಲಿನ ಸುಂಕ ನಾಲ್ಕಾಣೆಯಿಂದ ಆರಾಣೆಗೆ ಏರಿತು. ಹೆಚ್ಚಿದ ಎರಡಾಣೆ ಪ್ರತ್ಯೇಕ ರಸ್ತೆ ನಿಧಿಗೆ ಹೋಯಿತು. ಹೆಚ್ಚು ಓಡಿಸಿದವರು ಹೆಚ್ಚು ಸುಡುತ್ತಾರೆ, ಹೆಚ್ಚು ಕೊಡುತ್ತಾರೆ, ಕೊಟ್ಟದ್ದು ರಸ್ತೆಗೇ ಮರಳುತ್ತದೆ ಎಂಬ ಲೆಕ್ಕ ಅದು. ಇಂಥ ನಿಧಿಯನ್ನು ಕಾಯುವುದು ಸುಲಭವಲ್ಲ. ಇಂಗ್ಲೆಂಡಿನ ರಸ್ತೆ ನಿಧಿಗೆ 1926ರಲ್ಲೇ ಅರ್ಥಸಚಿವ ವಿನ್‌ಸ್ಟನ್ ಚರ್ಚಿಲ್ ಕೈಹಾಕಿ, ಹಣವನ್ನು ಸಾಮಾನ್ಯ ಖಜಾನೆಗೆ ತಿರುಗಿಸಿದ್ದರು.

ಸ್ವತಂತ್ರ ಭಾರತದಲ್ಲಿ ಈ ಲೆಕ್ಕ ನ್ಯಾಯಾಲಯಕ್ಕೂ ಹೋಯಿತು. ರಾಜಸ್ಥಾನದ ವಾಹನ ತೆರಿಗೆಯ ಪ್ರಕರಣದಲ್ಲಿ 1962ರಲ್ಲಿ ಸುಪ್ರೀಂ ಕೋರ್ಟ್, ರಸ್ತೆಯಂಥ ಸೌಲಭ್ಯಕ್ಕೆ ಪ್ರತಿಯಾಗಿ ಪಡೆಯುವ ತೆರಿಗೆ ವ್ಯಾಪಾರ ಸ್ವಾತಂತ್ರ್ಯಕ್ಕೆ ಅಡ್ಡಿಯಲ್ಲ ಎಂದಿತು. 2016ರ ನವೆಂಬರ್‌ನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ಪ್ರತಿಫಲದ ಸಿದ್ಧಾಂತವನ್ನೇ ಕೈಬಿಟ್ಟಿತು. ತೆರಿಗೆ ತೆರಿಗೆಯೇ, ಅದಕ್ಕೆ ಪ್ರತಿಯಾಗಿ ರಸ್ತೆ ಸಿಕ್ಕಿದೆಯೆಂದು ರಾಜ್ಯ ತೋರಿಸಬೇಕಾಗಿಲ್ಲ.

ಜಯಕರ್ ಲೆಕ್ಕವನ್ನು ಎಲೆಕ್ಟ್ರಿಕ್ ಕಾರು ಇನ್ನೊಂದು ತುದಿಯಿಂದ ಕೆಡಿಸುತ್ತದೆ. ಅದು ಪೆಟ್ರೋಲ್ ಸುಡುವುದಿಲ್ಲ, ಹಾಗಾಗಿ ಇಂಧನದ ಮೇಲಿನ ರಸ್ತೆ ಸೆಸ್ ಕೊಡುವುದಿಲ್ಲ. ಮಹಾರಾಷ್ಟ್ರದಲ್ಲಿ ನೋಂದಣಿಯ ತೆರಿಗೆಯೂ ತಪ್ಪಿತು. 2025ರ ಏಪ್ರಿಲ್ 29ರಂದು ರಾಜ್ಯ ಸಂಪುಟ ಒಪ್ಪಿದ ಹೊಸ ನೀತಿ, ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಎಲೆಕ್ಟ್ರಿಕ್ ಕಾರುಗಳಿಗೆ ಟೋಲ್ ವಿನಾಯಿತಿಯನ್ನೂ ಘೋಷಿಸಿತು. ಹೊಸ ತಂತ್ರಜ್ಞಾನ ನೆಲೆಯೂರಲು ರಿಯಾಯಿತಿ ಬೇಕೆಂಬ ವಾದ ಸರಿಯಾದದ್ದೇ. ಪುಣೆಯ ಗಾಳಿ ಉಸಿರಾಡುವವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ 30 ಲಕ್ಷದ ಗೆರೆ ಹಾಕಿದ್ದೇ ರಿಯಾಯಿತಿ ಬೇಕಾದವರನ್ನೂ ಬೇಡದವರನ್ನೂ ಬೇರ್ಪಡಿಸುವುದಕ್ಕೆ.

ಅದೇ ಹೆದ್ದಾರಿಯ ಇನ್ನೊಂದು ತುದಿಯಲ್ಲಿರುವ ಕರ್ನಾಟಕ 2024ರಲ್ಲಿ ಅಂಥ ಗೆರೆಯನ್ನು ಇನ್ನೂ ಕೆಳಗೆ ಎಳೆದಿತ್ತು: 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರಿಗೆ ಶೇ 10 ಜೀವಾವಧಿ ತೆರಿಗೆ. ಅಷ್ಟೇ ಬೆಲೆಯ ಪೆಟ್ರೋಲ್ ಕಾರಿಗೆ ಅಲ್ಲಿ ಶೇ 18. ರಿಯಾಯಿತಿ ಉಳಿಯಿತು, ಪೂರ್ತಿ ಮಾಫಿ ಹೋಯಿತು. ಮಹಾರಾಷ್ಟ್ರವೂ ಈ ನಡುದಾರಿ ಹಿಡಿಯಬಹುದಿತ್ತು.

ತೆರಿಗೆಯನ್ನು ವಿರೋಧಿಸುವುದು ಶಾಸನಸಭೆಯ ಹಳೆಯ ಕೆಲಸ, ಒಳ್ಳೆಯ ಕೆಲಸ. ಸದನದಲ್ಲಿ ಒಂದು ಮಾತು ಸರಿಯಾಗಿ ಕೇಳಿದರೆ ಸಾಕು, 230 ಜನರ ಸರ್ಕಾರವೂ ಹಿಂದೆ ಸರಿಯುತ್ತದೆ ಎಂದು ಆ ಮಾರ್ಚ್ ತೋರಿಸಿತು. ಅಷ್ಟು ಬಲವಿದ್ದ ಮಾತು ಎರಡು ಲಕ್ಷ ಉಳಿಸಿಕೊಂಡವರ ಪಾಲಿಗೆ ಸಂದಿತು. ಒಂಬತ್ತು ಸಾವಿರದವರು ಕೌಂಟರಿನಲ್ಲಿ ಹಣ ಎಣಿಸಿದರು.