ಬಟ್ಟೆ ಆರುವವರೆಗೆ

ಗದಗಿನ ವೀರನಾರಾಯಣ ದೇವಸ್ಥಾನಕ್ಕೆ ಹೋದವರಿಗೆ ಇಂದಿಗೂ ಒಂದು ಕಂಬವನ್ನು ತೋರಿಸುತ್ತಾರೆ. ಕೋಳಿವಾಡದ ನಾರಣಪ್ಪ, ಅಂದರೆ ಕುಮಾರವ್ಯಾಸ, ಅದಕ್ಕೆ ಒರಗಿ ಕುಳಿತು ಭಾರತ ಬರೆದನೆಂದು ನಂಬಿಕೆ. ಕಂಬಕ್ಕಿಂತ ಸ್ವಾರಸ್ಯವಾದದ್ದು ಅದರ ಜೊತೆಗೆ ಹೇಳುವ ಐತಿಹ್ಯ. ಕವಿ ಕೊಳದಲ್ಲಿ ಮುಳುಗು ಹಾಕಿ, ಒದ್ದೆ ಬಟ್ಟೆಯಲ್ಲೇ ಬಂದು ಕೂರುತ್ತಿದ್ದನಂತೆ. ಬಟ್ಟೆಯಲ್ಲಿ ಪಸೆ ಇರುವಷ್ಟು ಹೊತ್ತು ಪದ್ಯ ಹರಿಯುತ್ತಿತ್ತು. ಬಟ್ಟೆ ಆರಿತೋ, ಆ ದಿನದ ಬರವಣಿಗೆ ಮುಗಿಯಿತು.

ಇದು ನಡೆದದ್ದೇ ಎಂದು ಯಾರೂ ಪ್ರಮಾಣ ಮಾಡಲಾರರು. ಆದರೆ ಈ ಕಥೆ ಕಟ್ಟಿದವರಿಗೆ ಬರೆಯುವವರ ಕಷ್ಟ ಚೆನ್ನಾಗಿ ಗೊತ್ತಿತ್ತು. ಹೊತ್ತು ಅಳೆಯುವ ಸಾಧನ ಆ ಕಾಲದಲ್ಲಿ ಇರಲಿಲ್ಲವೆಂದಲ್ಲ. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟರೆ ಅದು ತುಂಬಿ ಮುಳುಗುವಷ್ಟರಲ್ಲಿ ಒಂದು ಗಳಿಗೆ, ಈಗಿನ ಲೆಕ್ಕದಲ್ಲಿ 24 ನಿಮಿಷ. ಗಳಿಗೆ ಬಟ್ಟಲು ಹೊತ್ತನ್ನು ಮಾತ್ರ ಎಣಿಸುತ್ತದೆ. ಒದ್ದೆ ಬಟ್ಟೆ ಮೈಯನ್ನೂ ಲೆಕ್ಕಕ್ಕೆ ಹಿಡಿಯುತ್ತದೆ: ಮಿಂದ ಮೈಯ ಚುರುಕು ಇರುವಾಗ ಬರೆ, ಅದು ಇಳಿದಾಗ ಏಳು. ಗದಗಿನ ಬಿಸಿಲಿನಲ್ಲಿ ಬಟ್ಟೆ ಬೇಗ ಆರುತ್ತದೆ. ಜಡಿಮಳೆಯ ದಿನಗಳಲ್ಲಿ ಕವಿಗೆ ಎಷ್ಟು ಪದ್ಯ ದಕ್ಕುತ್ತಿತ್ತೋ!

ಐತಿಹ್ಯವನ್ನು ಬದಿಗಿಟ್ಟು ಬರಿ ಲೆಕ್ಕ ಹಾಕೋಣ. ಕುಮಾರವ್ಯಾಸ ಭಾರತದಲ್ಲಿ 8,000ಕ್ಕೂ ಹೆಚ್ಚು ಷಟ್ಪದಿಗಳಿವೆ. ದಿನಕ್ಕೆ ಹತ್ತು ಪದ್ಯವೆಂದರೂ ಒಂದು ದಿನ ತಪ್ಪದೆ ಎರಡು ವರ್ಷಕ್ಕೆ ಮಿಕ್ಕಿ ಕೂರಬೇಕು. ಇಷ್ಟು ದೀರ್ಘ ಕೆಲಸಕ್ಕೆ ಒಂದು ರಾತ್ರಿಯ ಆವೇಶ ಸಾಲದು. ನಿತ್ಯದ ಅಳತೆಯೊಂದು ಬೇಕು.

ಕವಿಯೇ ಕಾವ್ಯದ ಆರಂಭದಲ್ಲಿ ತನ್ನ ಅಗ್ಗಳಿಕೆಗಳನ್ನು ಹೇಳಿಕೊಂಡಿದ್ದಾನೆ. ಹಲಗೆ ಬಳಪ ಹಿಡಿಯಲಿಲ್ಲ, ಇಟ್ಟ ಪದವನ್ನು ಅಳಿಸಲಿಲ್ಲ, ಓಲೆಯ ಮೇಲೆ ಕಂಠದ ಸದ್ದು ನಿಲ್ಲಲಿಲ್ಲ ಎಂಬುದು ಅವುಗಳ ಸಾರ. ಓಲೆಗರಿಯ ಕಸುಬು ಬಲ್ಲವರಿಗೆ ಈ ಮಾತಿನ ತೂಕ ತಿಳಿಯುತ್ತದೆ. ಕಂಠವೆಂದರೆ ಗರಿಯ ಮೇಲೆ ಅಕ್ಷರ ಕೊರೆಯುವ ಕಬ್ಬಿಣದ ಮೊನೆ. ಕೊರೆದ ಮೇಲೆ ಮಸಿ ಸವರಿ ಒರೆಸಿದರೆ ಗೀರಿನಲ್ಲಿ ಕಪ್ಪು ಉಳಿದು ಅಕ್ಷರ ಎದ್ದು ಕಾಣುತ್ತದೆ. ಒತ್ತಿ ಎಳೆದರೆ ಗರಿ ಸೀಳುತ್ತದೆ, ಕೊರೆದದ್ದನ್ನು ಒರೆಸುವಂತಿಲ್ಲ. ಹಾಗಾಗಿ ಮೊದಲ ಕರಡು ಹಲಗೆಯ ಮೇಲೆ ಬಳಪದಲ್ಲಿ ನಡೆಯುತ್ತಿತ್ತು. ಅಂಗಡಿ, ಚಾವಡಿಗಳ ಲೆಕ್ಕಕ್ಕೆ ಕಡತವಿತ್ತು. ಅದು ಹುಣಿಸೆ ಬೀಜದ ಸರಿ ಮತ್ತು ಇದ್ದಿಲು ಬಳಿದ ಬಟ್ಟೆಯ ಮಡಿಕೆ. ಬರೆದು ಒರೆಸಿ ಮತ್ತೆ ಬರೆಯಬಹುದು. ಇವನ್ನೆಲ್ಲ ಬಿಟ್ಟು ನೇರ ಗರಿಗೆ ಇಳಿದೆ ಎನ್ನುವವನು ಕರಡನ್ನು ತಲೆಯಲ್ಲೇ ತಿದ್ದಿ ಮುಗಿಸಿರಬೇಕು. ಬಟ್ಟೆ ಆರಿದ ಮೇಲಿನ ಹೊತ್ತೆಲ್ಲ ಅದಕ್ಕೇ ಹೋಗಿರಬೇಕು.

ಕಾಲದ ಲೆಕ್ಕವನ್ನು ಬಾಯಿಬಿಟ್ಟು ಹೇಳಿದವನು ಅವನಿಗಿಂತ ನೂರಾರು ವರ್ಷ ಹಿಂದಿನ ಪಂಪ. ಆದಿಪುರಾಣ ಮೂರು ತಿಂಗಳಲ್ಲಿ, ವಿಕ್ರಮಾರ್ಜುನ ವಿಜಯ ಆರು ತಿಂಗಳಲ್ಲಿ ಮುಗಿದವೆಂದು ಅವನೇ ದಾಖಲಿಸಿದ್ದಾನೆ. ಆದಿಪುರಾಣ ಪೂರ್ಣವಾದದ್ದು 941ರಲ್ಲಿ, ಅವನಿಗೆ 39 ವರ್ಷ. 16 ಆಶ್ವಾಸಗಳನ್ನು ಮೂರು ತಿಂಗಳಿಗೆ ಹಂಚಿದರೆ ಒಂದೊಂದಕ್ಕೆ ಆರು ದಿನವೂ ಸಿಗುವುದಿಲ್ಲ. ವಿಕ್ರಮಾರ್ಜುನ ವಿಜಯದ 14 ಆಶ್ವಾಸಗಳಿಗೆ ಹೆಚ್ಚುಕಡಿಮೆ ಹದಿಮೂರು ದಿನದಂತೆ ಬೀಳುತ್ತದೆ. ಒಬ್ಬನೇ ಕವಿ, ವೇಗ ಮಾತ್ರ ಅರ್ಧಕ್ಕಿಂತ ಕಡಿಮೆ.

ಏಕೆ? ಮೊದಲನೆಯದಕ್ಕೆ ಜಿನಸೇನಾಚಾರ್ಯರ ಸಂಸ್ಕೃತ ಪುರಾಣದ ದಾರಿ ಮುಂದೆ ತೆರೆದಿತ್ತು. ಎರಡನೆಯದರಲ್ಲಿ ವ್ಯಾಸರ ಮಹಾಸಾಗರವನ್ನು ಒಂದು ಚಂಪುವಿನೊಳಗೆ ತುಂಬಬೇಕಿತ್ತು. ಅದು ಸಾಲದೆಂಬಂತೆ ಆಶ್ರಯದಾತ ಅರಿಕೇಸರಿಯನ್ನೂ ಅರ್ಜುನನನ್ನೂ ಒಂದಾಗಿಸಬೇಕಿತ್ತು. ಕಥೆಯ ಒಂದೊಂದು ತಿರುವಿನಲ್ಲೂ ಏನು ಬಿಡಬೇಕು, ಏನು ಹಿಡಿಯಬೇಕೆಂಬ ತೀರ್ಮಾನ. ದುಪ್ಪಟ್ಟು ಕಾಲ ಹಿಡಿದದ್ದು ಅಲ್ಲಿಯೇ ಇರಬೇಕು. ಮೂರು ತಿಂಗಳೆಂಬುದು ಕೊರೆದ ಕಾಲ ಮಾತ್ರ; ಅದರ ಹಿಂದೆ ಎಷ್ಟು ವರ್ಷಗಳ ಓದಿತ್ತೋ, ಅದನ್ನು ಪಂಪ ಲೆಕ್ಕಕ್ಕೆ ಸೇರಿಸಿಲ್ಲ. ಬರೆಯುವವರು ಈಗಲೂ ಹೀಗೆಯೇ ಲೆಕ್ಕ ಹೇಳುತ್ತಾರೆ.

ಮೈಯ ಲೆಕ್ಕವನ್ನು ಬರೆದಿಟ್ಟವರು ಕವಿಗಳಲ್ಲ, ಲಿಪಿಕಾರರು. ಪ್ರತಿಯ ಕೊನೆಯಲ್ಲಿ ಸಂವತ್ಸರ, ಮಾಸ, ತಿಥಿ ಹಾಕುವುದು ಅವರ ವಾಡಿಕೆ. ಅದರೊಂದಿಗೆ ದೇಶದ ಉದ್ದಗಲಕ್ಕೂ ಬಳಕೆಯಲ್ಲಿದ್ದ ಒಂದು ಸಂಸ್ಕೃತ ಶ್ಲೋಕವೂ ಹಲವು ಕಡೆ ಸಿಗುತ್ತದೆ. ಬೆನ್ನು, ಸೊಂಟ, ಕತ್ತು ಮುರಿದು, ದೃಷ್ಟಿ ನೆಟ್ಟು, ತಲೆ ಬಗ್ಗಿಸಿ ಕಷ್ಟದಿಂದ ಬರೆದದ್ದು, ಜೋಪಾನ ಮಾಡಿ ಎಂಬುದು ಅದರ ಬೇಡಿಕೆ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ 1,000 ಪ್ರತಿ ಮಾಡಿಸಿದಳೆಂದು ನಾವು ಹಿಗ್ಗುತ್ತೇವೆ. ಎಷ್ಟು ಬೆನ್ನುಗಳು ಬಾಗಿದವೆಂದು ಕೇಳುವುದಿಲ್ಲ.

ಗರಿ ಹೋಗಿ ಕಾಗದ, ಅಚ್ಚುಮೊಳೆ ಬಂದ ಮೇಲೂ ಮೈ ಬದಲಾಗಲಿಲ್ಲ. 1870ರಲ್ಲಿ ಹುಟ್ಟಿದ ನಂದಳಿಕೆಯ ಲಕ್ಷ್ಮೀನಾರಣಪ್ಪ, ಅಂದರೆ ಮುದ್ದಣ, ಉಡುಪಿಯಲ್ಲಿ ವ್ಯಾಯಾಮದ ಮೇಷ್ಟರಾಗಿದ್ದರು. ಹಗಲೆಲ್ಲ ಹುಡುಗರಿಗೆ ಕಸರತ್ತು ಹೇಳಿಕೊಡುವ ಸಂಬಳದ ಕೆಲಸ. ಉಳಿದ ಹೊತ್ತಿನಲ್ಲಿ ಹಳಗನ್ನಡ ಬರೆದು, ಹಳೆಯ ಕವಿಯೊಬ್ಬನ ಕೃತಿಯೆಂಬಂತೆ ಮೈಸೂರಿಗೆ ಕಳಿಸುತ್ತಿದ್ದರು. ಹೆಸರು ಬೇಡ, ಗಡುವು ಹಾಕುವವರೂ ಇಲ್ಲ. ಆದರೂ ಅದ್ಭುತ ರಾಮಾಯಣ, ಶ್ರೀರಾಮ ಪಟ್ಟಾಭಿಷೇಕ, ರಾಮಾಶ್ವಮೇಧ ಒಂದರ ಹಿಂದೊಂದು ಬಂದವು. ರಾಮಾಶ್ವಮೇಧದೊಳಗಿನ ಮುದ್ದಣ ಮಳೆಗಾಲದ ಸಂಜೆ ಅರಮನೆಯಿಂದ ಮನೆಗೆ ಬಂದು, ಮಡದಿ ಮನೋರಮೆಯ ಉಪಚಾರದಲ್ಲಿ ದಣಿವಾರಿಸಿಕೊಂಡು ಸಾವಧಾನವಾಗಿ ಕಥೆ ಹೇಳುತ್ತಾನೆ. ಬರೆದವರಿಗೆ ಆ ಬಿಡುವು ಇರಲಿಲ್ಲ. ಕ್ಷಯ ಹಿಡಿದು 1901ರಲ್ಲಿ, 31ರ ಹರೆಯದಲ್ಲಿ ತೀರಿಕೊಂಡರು.

ಕುವೆಂಪು ಬೇರೆ ದಾರಿ ಹಿಡಿದರು. ಕಾಲೇಜಿನ ಪಾಠಗಳ ನಡುವೆಯೇ ‘ಶ್ರೀ ರಾಮಾಯಣ ದರ್ಶನಂ’ನ 22,000ಕ್ಕೂ ಹೆಚ್ಚು ಸಾಲುಗಳಿಗೆ ಸುಮಾರು ಒಂಬತ್ತು ವರ್ಷ ಕೊಟ್ಟರು. ಪಂಪನ ಮೂರು ತಿಂಗಳ ಪಕ್ಕದಲ್ಲಿ ಇದು ನಿಧಾನವೆನಿಸಬಹುದು. ಆದರೆ ಸಂಬಳದ ಕೆಲಸ ಬಿಡದೆ ಮಹಾಕಾವ್ಯ ಬರೆಯಬಹುದೆಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಸಿಗುವುದು ಕಷ್ಟ.

ಇನ್ನು ಗದುಗಿನ ಕವಿ ಹದಿನೆಂಟು ಪರ್ವಗಳನ್ನೂ ಬರೆಯಲು ಹೋಗಲಿಲ್ಲ. ಗದಾಪರ್ವದೊಂದಿಗೆ ಹತ್ತು ಪರ್ವ ಮುಗಿಸಿ, ಧರ್ಮರಾಯನಿಗೆ ಪಟ್ಟ ಕಟ್ಟಿ ಕಂಠ ಕೆಳಗಿಟ್ಟ. ಉಳಿದ ಪರ್ವಗಳನ್ನು ಮುಂದೆ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಬರೆದ.