ಕೆಟ್ಟ ಗಾಳಿಯ ಸುಳಿವು: ಬಾವಿಯ ದೀಪದಿಂದ ಸೀಸವಿಲ್ಲದ ಹರಳಿನವರೆಗೆ

ಹಾಳು ಬಾವಿಗೆ ಇಳಿಯುವ ಮುನ್ನ ಹಗ್ಗಕ್ಕೆ ದೀಪ ಕಟ್ಟಿ ಒಳಗೆ ಬಿಡುವ ರೂಢಿ ನಮ್ಮ ಹಳ್ಳಿಗಳಲ್ಲಿತ್ತು. ದೀಪ ಆರಿತೆಂದರೆ ಮನುಷ್ಯ ಇಳಿಯುವಂತಿಲ್ಲ. ಹಣ ಖರ್ಚಿಲ್ಲದ ಈ ಪರೀಕ್ಷೆಗೆ ಒಂದೇ ಕೊರತೆ. ಆಮ್ಲಜನಕ ಕಡಿಮೆಯಾದದ್ದನ್ನು ದೀಪ ಹೇಳುತ್ತದೆ, ವಿಷ ಬೆರೆತದ್ದನ್ನು ಹೇಳುವುದಿಲ್ಲ. ಕಾರ್ಬನ್ ಮಾನಾಕ್ಸೈಡ್ ತುಂಬಿದ ಕಡೆ ದೀಪ ಉರಿಯುತ್ತಲೇ ಇರುತ್ತದೆ, ಮನುಷ್ಯ ಕುಸಿದು ಬೀಳುತ್ತಾನೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ಇಂಥ ಗಾಳಿಯ ನಡುವೆ ಒಂದು ಶತಮಾನಕ್ಕೂ ಹೆಚ್ಚು ಕಾಲ ದುಡಿದ ಊರು ಕೋಲಾರ ಚಿನ್ನದ ಗಣಿ. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಇಲ್ಲಿ ಗಣಿಗಾರಿಕೆಯನ್ನು ದೊಡ್ಡದಾಗಿ ಬೆಳೆಸಿತು. ಬಂಗಾರಪೇಟೆಯಿಂದ ಕೋರಮಂಡಲ್, ಊರಿಗಾಂ, ಚಾಂಪಿಯನ್ ಹಾದು ಮಾರಿಕುಪ್ಪಂ ಮುಟ್ಟುವ ರೈಲು ಹುಟ್ಟಿದ್ದೇ ಚಿನ್ನದಿಂದ. ಚಾಂಪಿಯನ್ ರೀಫ್ ಗಣಿ ನೆಲದಡಿ 3 ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಅಷ್ಟು ಕೆಳಗೆ ಬಂಡೆಯ ಬಿಸಿಯೇ 60 ಡಿಗ್ರಿ ಸೆಲ್ಸಿಯಸ್ ಮೀರುತ್ತಿತ್ತು.

ಕಲ್ಲಿದ್ದಲ ಗಣಿಗಳಲ್ಲಿ ಮೀಥೇನ್ ಹೊತ್ತಿಕೊಳ್ಳುವ ಭಯ. ಇಲ್ಲಿಯದು ಗಟ್ಟಿ ಕಲ್ಲು, ಆ ಭಯ ಅಷ್ಟಿರಲಿಲ್ಲ. ಬಂಡೆ ಸಿಡಿಯುವುದು, ಸೆಕೆ, ಶ್ವಾಸಕೋಶ ಸೇರುವ ಕಲ್ಲಿನ ಧೂಳು, ಇವೇ ಇಲ್ಲಿಯ ಶತ್ರುಗಳು. ಆದರೆ ಡೈನಮೈಟ್ ಸಿಡಿಸಿದ ಮೇಲೆ ಉಳಿಯುವ ಹೊಗೆ ಯಾವ ಗಣಿಯನ್ನೂ ಬಿಟ್ಟಿಲ್ಲ. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ನೈಟ್ರೋಜನ್ ಡೈಆಕ್ಸೈಡ್ ಇರುತ್ತದೆ. ಎರಡನೆಯದು ಮಹಾ ಮೋಸಗಾರ. ಕುಡಿದಾಗ ಸ್ವಲ್ಪ ಕೆಮ್ಮು ಬಂದು ನಿಂತೀತು. ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಪಾಳಿ ಮುಗಿಸಿ ಮನೆ ಸೇರಿದವನಿಗೆ ರಾತ್ರಿ ಉಸಿರು ಕಟ್ಟಿದರೆ ಕಾರಣ ಊಹಿಸುವುದು ಹೇಗೆ? ಹೊಗೆ ಚದುರುವ ತನಕ ಕಾಯುವುದು, ಹೊಸ ಗಾಳಿ ನುಗ್ಗಿಸುವುದು, ಇಷ್ಟೇ ಹಳೆಯ ಕಾಲದ ಉಪಾಯ.

ಬ್ರಿಟನ್ನಿನ ಶರೀರವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ 1890ರ ದಶಕದಲ್ಲಿ ಬೇರೊಂದು ದಾರಿ ತೋರಿಸಿದರು: ಗಣಿಗೆ ಪುಟ್ಟ ಪ್ರಾಣಿಗಳನ್ನು ಕೊಂಡೊಯ್ಯಿರಿ, ವಿಷ ಮೊದಲು ಅವಕ್ಕೆ ತಟ್ಟುತ್ತದೆ. ಹೀಗೆ ಬಂದ ಕ್ಯಾನರಿ ಹಕ್ಕಿಗೆ ಅಲ್ಲಿಯ ಕಲ್ಲಿದ್ದಲ ಗಣಿಗಳಿಂದ ಬಿಡುಗಡೆ ಸಿಕ್ಕಿದ್ದು 1986ರ ಕೊನೆಗೆ.

ಹಕ್ಕಿಯ ಜಾಗಕ್ಕೆ ಬಂದ ಸೆನ್ಸರುಗಳಲ್ಲಿ ಮುಖ್ಯವಾದ ಒಂದು ಬಗೆಗೆ ಜಪಾನಿನ ನವೊಯೋಶಿ ತಗುಚಿ 1962ರಲ್ಲಿ ಪೇಟೆಂಟ್ ಕೇಳಿದರು. ಬಿಸಿ ಮಾಡಿದ ತವರದ ಆಕ್ಸೈಡಿಗೆ ಅನಿಲ ತಗುಲಿದರೆ ಅದರಲ್ಲಿ ಹರಿಯುವ ವಿದ್ಯುತ್ ಬದಲಾಗುತ್ತದೆ. ಅಡುಗೆ ಅನಿಲದ ಸೋರಿಕೆಗೆ ಕಿರುಚುವ ಅನೇಕ ಪೆಟ್ಟಿಗೆಗಳ ಗುಟ್ಟು ಇದೇ. ಕಷ್ಟವೆಂದರೆ ಆಕ್ಸೈಡನ್ನು ಸಾಮಾನ್ಯವಾಗಿ 200ರಿಂದ 400 ಡಿಗ್ರಿಯಷ್ಟು ಬಿಸಿಯಾಗಿ ಇಡಬೇಕು. ಬ್ಯಾಟರಿ ಬೇಗ ಮುಗಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ನವಕಾಂತ ಭಟ್ ಅವರ ತಂಡ ಸತುವಿನ ಆಕ್ಸೈಡನ್ನು ಜೇನುಗೂಡಿನಂತೆ ರೂಪಿಸಿ ಕಾರ್ಬನ್ ಮಾನಾಕ್ಸೈಡನ್ನು ಅತಿ ಸಣ್ಣ ಪ್ರಮಾಣದಲ್ಲೂ ಗುರುತಿಸಿದ್ದುಂಟು.

ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಇನ್ನು ಅಲ್ಲಿ ಸೆನ್ಸರ್ ಯಾರಿಗೆ ಬೇಕು ಎಂದು ಕೇಳಬಹುದು. ಸಫಾಯಿ ಕರ್ಮಚಾರಿ ಆಂದೋಲನದ ಬೆಜವಾಡ ವಿಲ್ಸನ್ 1966ರಲ್ಲಿ ಹುಟ್ಟಿದ್ದು ಇದೇ ಕೆ.ಜಿ.ಎಫ್.ನಲ್ಲಿ, ಮಲ ಹೊರುವ ಕೆಲಸ ಮಾಡುತ್ತಿದ್ದ ಕುಟುಂಬದಲ್ಲಿ. ಗಣಿ ಕಾಲೋನಿಯ ಒಣ ಪಾಯಿಖಾನೆಗಳ ವಿರುದ್ಧ ಆರಂಭವಾದ ಅವರ ಹೋರಾಟಕ್ಕೆ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ದೇಶದ ಮ್ಯಾನ್‌ಹೋಲುಗಳಲ್ಲಿ, ಮಲದ ಗುಂಡಿಗಳಲ್ಲಿ ಈಗಲೂ ಜೀವ ತೆಗೆಯುವುದು ಹೈಡ್ರೋಜನ್ ಸಲ್ಫೈಡ್. ಸ್ವಲ್ಪವಿದ್ದರೆ ಕೊಳೆತ ಮೊಟ್ಟೆಯ ನಾತ. ಹೆಚ್ಚಾದರೆ ಮೂಗೇ ಮರಗಟ್ಟಿ ನಾತವೂ ತಿಳಿಯುವುದಿಲ್ಲ. ರಕ್ಷಣೆಯಿಲ್ಲದೆ ಮನುಷ್ಯನನ್ನು ಇಳಿಸುವುದೇ 2013ರ ಕಾನೂನಿನ ಪ್ರಕಾರ ಅಪರಾಧ. ಸೆನ್ಸರ್ ಇದೆಯೆಂದು ಇಳಿಸಲು ಅದು ಪರವಾನಗಿಯಲ್ಲ. ಆದರೂ ಮುಚ್ಚಳ ತೆಗೆದಾಗ ಮೇಲಿದ್ದವರನ್ನು ಎಚ್ಚರಿಸಲು ಅಗ್ಗದ, ಕಡಿಮೆ ವಿದ್ಯುತ್ತಿನ ಸಾಧನ ಬೇಕು.

ಲೋಹದ ಹ್ಯಾಲೈಡುಗಳ ಮೇಲೆ ವಿಜ್ಞಾನಿಗಳ ಕಣ್ಣು ಬಿದ್ದದ್ದು ಇದಕ್ಕೇ. ಹೆಸರು ಕೇಳಿ ಬೆದರಬೇಕಿಲ್ಲ. ಲೋಹವೊಂದು ಕ್ಲೋರಿನ್, ಬ್ರೋಮಿನ್ ಅಥವಾ ಅಯೋಡಿನ್ ಜೊತೆ ಸೇರಿದರೆ ಹ್ಯಾಲೈಡ್. ನಮ್ಮ ಅಡುಗೆ ಉಪ್ಪೂ ಒಂದು ಹ್ಯಾಲೈಡೇ. ಸೆನ್ಸರಿಗೆ ಬಳಸುವ ಹಲವು ಹರಳುಗಳು ಪೆರೋವ್‌ಸ್ಕೈಟ್ ಎಂಬ ಖನಿಜದ ಜೋಡಣೆಯನ್ನು ಹೋಲುತ್ತವೆ. 2009ರಲ್ಲಿ ಜಪಾನಿನ ಮಿಯಸಾಕ ತಂಡ ಇವುಗಳಿಂದ ಸೌರಕೋಶ ಮಾಡಿದ ಮೇಲೆ ಇವಕ್ಕೆ ಹೆಸರು ಬಂತು. ಬಿಸಿ ಮಾಡದೆ, ಕೋಣೆಯ ಉಷ್ಣತೆಯಲ್ಲೇ ಇವು ಅನಿಲಕ್ಕೆ ಸ್ಪಂದಿಸುತ್ತವೆ. ದ್ರಾವಣ ಬಳಿದು ಒಣಗಿಸಿದರೂ ಹರಳು ಮೂಡುತ್ತದೆ. ಕೋಲ್ಕತ್ತದ ಎಸ್.ಎನ್. ಬೋಸ್ ಕೇಂದ್ರದವರು ಬರಿಯ ಕಾಗದದ ಮೇಲೆ ಇಂಥ ಹರಳು ಬೆಳೆಸಿ ಅಮೋನಿಯಾ ಪತ್ತೆಹಚ್ಚಿದ್ದಾರೆ.

ತೊಡಕು ಒಂದೇ, ಸೀಸ. ಚೆನ್ನಾಗಿ ಕೆಲಸ ಮಾಡುವ ಹರಳುಗಳಲ್ಲಿ ಹೆಚ್ಚಿನವು ಸೀಸದವು, ಅವು ನೀರು ತಾಗಿದರೆ ಕರಗಿ ಒಡೆಯುತ್ತವೆ. ಮಕ್ಕಳ ಮಿದುಳಿಗೆ ಹಾನಿ ಎಂದು 2000ರಲ್ಲಿ ಪೆಟ್ರೋಲಿನಿಂದ ಹೊರಹಾಕಿದ ಸೀಸವನ್ನು ಸೆನ್ಸರಿನ ರೂಪದಲ್ಲಿ ಚರಂಡಿಗೆ ಬಿಡುವುದೇ?

ಸ್ವಲ್ಪವೇ ತಾನೆ ಎನ್ನುವವರು ಕೆ.ಜಿ.ಎಫ್.ನ ಸೈನೈಡ್ ದಿಬ್ಬಗಳನ್ನು ನೋಡಬೇಕು. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಹುಡಿ ಅದು. ಒಂದೊಂದು ಟನ್ನಿನಂತೆ ಸುರಿದದ್ದು ಸುಮಾರು 3.3 ಕೋಟಿ ಟನ್ ಆಗಿದೆ. ಸಿನಿಮಾದವರಿಗೆ ಅದು ಒಳ್ಳೆಯ ಹಿನ್ನೆಲೆ. ಗಾಳಿ ಬೀಸುವ ತಿಂಗಳುಗಳಲ್ಲಿ ಅಲ್ಲಿಯ ಮನೆಗಳಿಗೆ ಅದು ಧೂಳು. ಚಿನ್ನ ತೆಗೆದ ಕಂಪನಿಗಳು ಹೋದವು, ಹುಡಿ ಹೋಗಲಿಲ್ಲ.

ಹಾಗಾಗಿಯೇ ಸೀಸದ ಸ್ಥಾನಕ್ಕೆ ತವರ, ಬಿಸ್ಮತ್, ತಾಮ್ರ, ಬೆಳ್ಳಿಯ ಪ್ರಯೋಗ ನಡೆದಿದೆ. ತವರ ಸೀಸದ ಹತ್ತಿರದ ನೆಂಟ, ಆದರೆ ಗಾಳಿಯ ಆಮ್ಲಜನಕಕ್ಕೆ ಬೇಗ ಕೆಡುತ್ತದೆ. ಸೀಸಿಯಂ, ಬೆಳ್ಳಿ, ಬಿಸ್ಮತ್, ಬ್ರೋಮಿನ್ ಸೇರಿದ ಹರಳು 2016ರಲ್ಲಿ ವರದಿಯಾಯಿತು; ಇದು ಹೆಚ್ಚು ಗಟ್ಟಿ. ಇವುಗಳಿಗೆಲ್ಲ ಇನ್ನೂ ಕಾಡುವುದು ತೇವ. ನೀರಿನ ಆವಿಯೂ ಹರಳಿನ ಮೇಲೆ ಕೂತು ವಿದ್ಯುತ್ತನ್ನು ಬದಲಿಸುವುದರಿಂದ, ತಾಗಿದ್ದು ವಿಷವೋ ಬರೀ ಪಸೆಯೋ ಎಂದು ಬಿಡಿಸಿ ಹೇಳುವುದು ಕಷ್ಟ. ಪ್ರಯೋಗಾಲಯದ ಒಣ ಗಾಳಿಯಲ್ಲಿ ಗೆದ್ದ ಹರಳನ್ನು ಕಟ್ಟಿಕೊಂಡು ಹೋಗಬೇಕಾದ್ದು ಮಳೆಗಾಲದ ಮ್ಯಾನ್‌ಹೋಲಿನ ಬಾಯಿಗೆ.