ಆರು ಪೌಂಡಿನ ಕಂಪನಿ, 'ಸ್ಟೀವ್' ಎಂಬ ಸಹಿ

1962ರ ಮಾತು. ಇಂಗ್ಲೆಂಡಿನ ಕಂಪ್ಯೂಟರ್ ತಯಾರಿಕಾ ಸಂಸ್ಥೆಯೊಂದರ ಸಭೆಯಲ್ಲಿ ಸ್ಟೆಫನಿ ಶರ್ಲಿ ಎಂಬ ಪ್ರೋಗ್ರಾಮರ್ ತಮ್ಮದೊಂದು ಅಭಿಪ್ರಾಯ ಹೇಳಲು ಹೊರಟರು. ಅದು ನಿಮಗೆ ಸಂಬಂಧಪಟ್ಟ ವಿಷಯವಲ್ಲ, ನೀವು ತಾಂತ್ರಿಕ ವಿಭಾಗದವರು ಎಂದು ಮೇಲಿನವರು ಅವರ ಬಾಯಿ ಮುಚ್ಚಿಸಿದರು. ಆಕೆ ಕೆಲಸ ಬಿಟ್ಟರು. ಆರು ಪೌಂಡ್ ಬಂಡವಾಳ ಹಾಕಿ, ಮನೆಯ ಊಟದ ಮೇಜಿನ ಮೇಲೆ 'ಫ್ರೀಲಾನ್ಸ್ ಪ್ರೋಗ್ರಾಮರ್ಸ್' ಎಂಬ ಕಂಪನಿ ತೆರೆದರು.

ನೌಕರಿ ಬಿಟ್ಟು ಸ್ವಂತ ಉದ್ಯಮಕ್ಕಿಳಿಯುವ ಮಹಿಳೆಯರಿಗೆ ಇಂದು ಉಪದೇಶಗಳ ಕೊರತೆಯಿಲ್ಲ. ಧೈರ್ಯ ಬೇಕು, ಬಂಡವಾಳ ಬೇಕು ಎನ್ನುವವರೇ ಎಲ್ಲರೂ. ಶರ್ಲಿಯವರ ಕತೆ ನೋಡಿದರೆ ಧೈರ್ಯಕ್ಕಿಂತ ಲೆಕ್ಕಾಚಾರವೇ ಅವರ ಕೈಹಿಡಿದದ್ದು ಕಾಣುತ್ತದೆ.

ಧೈರ್ಯವೇನೂ ಅವರಿಗೆ ಹೊಸದಾಗಿರಲಿಲ್ಲ. 1933ರಲ್ಲಿ ಜರ್ಮನಿಯ ಡಾರ್ಟ್‌ಮುಂಡ್‌ನಲ್ಲಿ ಯಹೂದಿ ನ್ಯಾಯಾಧೀಶರೊಬ್ಬರ ಮಗಳಾಗಿ ಹುಟ್ಟಿದ ಆಕೆ, ಐದರ ವಯಸ್ಸಿನಲ್ಲಿ, 1939ರಲ್ಲಿ, ನಾಜಿಗಳಿಂದ ಪಾರು ಮಾಡಲು ಮಕ್ಕಳನ್ನು ಸಾಗಿಸುತ್ತಿದ್ದ ರೈಲೊಂದರಲ್ಲಿ ಅಕ್ಕನ ಜೊತೆ ಇಂಗ್ಲೆಂಡಿಗೆ ಬಂದವರು. ಬೆಳೆದದ್ದು ಸಾಕುತಂದೆ-ತಾಯಿಯರ ಬಳಿ. ಹೆಣ್ಣುಮಕ್ಕಳ ಶಾಲೆಯಲ್ಲಿ ಬೇಕಾದಷ್ಟು ಗಣಿತ ಇಲ್ಲವೆಂದು ಹುಡುಗರ ಶಾಲೆಗೆ ಹೋಗಿ ಕಲಿತರು. ಮುಂದೆ ಅಂಚೆ ಇಲಾಖೆಯ ಡಾಲಿಸ್ ಹಿಲ್ ಸಂಶೋಧನಾ ಕೇಂದ್ರದಲ್ಲಿ ದುಡಿಯುತ್ತಲೇ ಸಂಜೆ ತರಗತಿಗಳಲ್ಲಿ ಓದಿ ಪದವಿ ಪಡೆದರು.

ಅವರು ಮಾರಲು ಹೊರಟ ಸರಕು ಮಾತ್ರ ವಿಚಿತ್ರದ್ದು. ಆ ಕಾಲಕ್ಕೆ ತಂತ್ರಾಂಶವೆಂದರೆ ಯಂತ್ರದ ಜೊತೆ ಪುಕ್ಕಟೆ ಬರುವ ವಸ್ತು. ಐಬಿಎಂ ಸಂಸ್ಥೆ ಅದಕ್ಕೆ ಪ್ರತ್ಯೇಕ ಬೆಲೆ ಕಟ್ಟುವುದಾಗಿ ಸಾರಿದ್ದೇ 1969ರಲ್ಲಿ. ಪುಕ್ಕಟೆ ಸಿಗುವುದನ್ನು ಹೆಂಗಸೊಬ್ಬಳಿಂದ ಯಾರು ಕೊಳ್ಳುತ್ತಾರೆ ಎಂದು ನಕ್ಕವರೇ ಹೆಚ್ಚು. 'ಸ್ಟೆಫನಿ' ಎಂದು ಸಹಿ ಹಾಕಿ ಬರೆದ ವ್ಯವಹಾರದ ಪತ್ರಗಳಿಗೆ ಉತ್ತರವೇ ಬರುತ್ತಿರಲಿಲ್ಲ. ಪತಿ ಡೆರಿಕ್ ಶರ್ಲಿ ಸೂಚಿಸಿದಂತೆ 'ಸ್ಟೀವ್' ಎಂದು ಗಂಡಸಿನ ಹೆಸರಿನಲ್ಲಿ ಸಹಿ ಹಾಕತೊಡಗಿದರು. ಉತ್ತರಗಳು ಬರತೊಡಗಿದವು. 1963ರಲ್ಲಿ ಮಗ ಗೈಲ್ಸ್ ಹುಟ್ಟಿದ. ಗಿರಾಕಿಗಳ ಜೊತೆ ಫೋನಿನಲ್ಲಿ ಮಾತಾಡುವಾಗ ಮಗುವಿನ ಅಳು ಕೇಳದಿರಲೆಂದು ಟೈಪ್‌ರೈಟರ್ ಸದ್ದಿನ ಟೇಪು ಹಾಕುತ್ತಿದ್ದರಂತೆ. ಈಗ ಕೇಳಿದರೆ ತಮಾಷೆ. ಮನೆಯಲ್ಲೇ ಕುಳಿತು ದುಡಿಯುತ್ತಿದ್ದೇನೆಂದು ಗಿರಾಕಿಗೆ ತಿಳಿದರೆ ಕೆಲಸ ಕೈತಪ್ಪಬಹುದಾಗಿದ್ದ ಕಾಲ ಅದು.

ಹಾಗಾದರೆ ಕಂಪನಿಯ ನಿಜವಾದ ಬಂಡವಾಳ ಯಾವುದು? ಮದುವೆಯಾಗಿ, ಮಕ್ಕಳಾಗಿ ಕೆಲಸ ಬಿಟ್ಟ ನುರಿತ ಪ್ರೋಗ್ರಾಮರ್ ಮಹಿಳೆಯರು ಇಂಗ್ಲೆಂಡಿನ ಮನೆಮನೆಗಳಲ್ಲಿ ಸುಮ್ಮನೆ ಕುಳಿತಿದ್ದರು. ಅವರಿಗೆ ತರಬೇತಿ ಕೊಟ್ಟ ಸಂಸ್ಥೆಗಳಿಗೇ ಅವರ ನೆನಪಿರಲಿಲ್ಲ. ಶರ್ಲಿ ಅವರನ್ನೇ ಹುಡುಕಿದರು. ಮೊದಲ 300 ನೌಕರರಲ್ಲಿ 297 ಮಂದಿ ಹೆಂಗಸರು. ಇವರು ಮನೆಯಲ್ಲಿ ಪೆನ್ಸಿಲ್ಲಿನಿಂದ ಕಾಗದದ ಮೇಲೆ ಪ್ರೋಗ್ರಾಂ ಬರೆದು ಅಂಚೆಗೆ ಹಾಕುತ್ತಿದ್ದರು. ಮತ್ತೆಲ್ಲೋ ಅದು ರಂಧ್ರಗಳ ಕಾರ್ಡು ಅಥವಾ ಪಟ್ಟಿಯಾಗುತ್ತಿತ್ತು. ಶಬ್ದಕ್ಕಿಂತ ವೇಗದ ಕಾಂಕಾರ್ಡ್ ವಿಮಾನದ ಕಪ್ಪುಪೆಟ್ಟಿಗೆಗೆ ಸಂಬಂಧಿಸಿದ ತಂತ್ರಾಂಶ ಸಿದ್ಧವಾದದ್ದು ಹೀಗೆ.

ಇನ್ನೊಂದು ಜಾಣತನ ದರದಲ್ಲಿತ್ತು. ಗಂಟೆಗೆ ಇಷ್ಟೆಂದು ಕೂಲಿ ಹೇಳಿದರೆ, ಮನೆಯಲ್ಲಿರುವ ಹೆಂಗಸು ನಿಜವಾಗಿ ಎಷ್ಟು ಗಂಟೆ ದುಡಿದಳೆಂದು ಗಿರಾಕಿ ಅನುಮಾನಿಸುವುದು ಖಂಡಿತ. ಇಡೀ ಕೆಲಸಕ್ಕೆ ಇಡಿಗಂಟಿನ ದರ ಹೇಳಿದರೆ? ಆಗ ಅವಳು ಮಧ್ಯಾಹ್ನ ಬರೆದಳೋ, ಮಗು ಮಲಗಿದ ಮೇಲೆ ನಡುರಾತ್ರಿ ಬರೆದಳೋ ಯಾರಿಗೆ ಬೇಕು? ಆದರೆ ಇದರಲ್ಲಿ ಅಪಾಯವಿತ್ತು. ಅಂದಾಜು ತಪ್ಪಿದರೆ ನಷ್ಟ ಕಂಪನಿಯದೇ. ಹೀಗಾಗಿ ಪ್ರತಿ ಕೆಲಸವನ್ನೂ ತುಂಡು ತುಂಡಾಗಿ ಅಳೆಯುವ, ಬರೆದಿಡುವ, ಒಬ್ಬರದನ್ನು ಇನ್ನೊಬ್ಬರು ಪರೀಕ್ಷಿಸುವ ಶಿಸ್ತು ಅನಿವಾರ್ಯವಾಯಿತು.

ಹಾದಿ ಸಲೀಸಾಗಿರಲಿಲ್ಲ. ಗೈಲ್ಸ್‌ಗೆ ತೀವ್ರ ಸ್ವರೂಪದ ಆಟಿಸಂ ಇದೆಯೆಂದು ಗೊತ್ತಾಯಿತು. ಕಲಿತಿದ್ದ ಅಲ್ಪಸ್ವಲ್ಪ ಮಾತೂ ಹೋಯಿತು. 1970ರ ದಶಕದ ಆರಂಭದ ಆರ್ಥಿಕ ಹಿನ್ನಡೆಯಲ್ಲಿ ಕಂಪನಿ ಮುಳುಗುವ ಸ್ಥಿತಿಗೆ ಬಂದಿತ್ತು. ಮನೆ, ಮಗ, ಕಂಪನಿ ಮೂರನ್ನೂ ಹೊತ್ತ ಶರ್ಲಿ ಒಮ್ಮೆ ಮಾನಸಿಕವಾಗಿ ಕುಸಿದು ಆಸ್ಪತ್ರೆ ಸೇರಿದ್ದೂ ಉಂಟು. ಯಶಸ್ಸಿನ ಕತೆ ಹೇಳುವವರು ಈ ಪುಟವನ್ನು ಬೇಗ ಮಗುಚುತ್ತಾರೆ. ಆಕೆ ಮಾತ್ರ ಇದನ್ನು ಮುಚ್ಚಿಡಲಿಲ್ಲ.

ನಡುವೆ ಒಂದು ವಿನೋದವೂ ನಡೆಯಿತು. ಹೆಂಗಸರಿಗೆ ಅನ್ಯಾಯವಾಗದಿರಲೆಂದು ಬ್ರಿಟಿಷ್ ಸಂಸತ್ತು 1975ರಲ್ಲಿ ಲಿಂಗ ತಾರತಮ್ಯದ ವಿರುದ್ಧ ಕಾನೂನು ಮಾಡಿತು. ಅದರಿಂದಾಗಿ, ಹೆಂಗಸರಿಗೇ ಆದ್ಯತೆ ಕೊಡುತ್ತಿದ್ದ ಈ ಕಂಪನಿ ಗಂಡಸರಿಗೂ ಬಾಗಿಲು ತೆರೆಯಬೇಕಾಯಿತು!

ಸಲಹೆ ಕೇಳಿದವರಿಗೆ ಶರ್ಲಿ ಎರಡು ಮಾತು ಹೇಳುತ್ತಿದ್ದರು. ಒಂದು, ಮೊದಲ ದರ್ಜೆಯ ಜನರನ್ನು ಸುತ್ತ ಇಟ್ಟುಕೊಳ್ಳುವುದು. ಎರಡು, ಬಾಳಸಂಗಾತಿಯನ್ನು ಬಹಳ ಎಚ್ಚರದಿಂದ ಆರಿಸಿಕೊಳ್ಳುವುದು. ಮೊದಲನೆಯದನ್ನು ಅವರು ಬರಿ ಬಾಯಲ್ಲಿ ಹೇಳಲಿಲ್ಲ. ತಮ್ಮ ಷೇರುಗಳನ್ನು ವರ್ಷಗಟ್ಟಲೆ ನೌಕರರ ಕೈಗೆ ದಾಟಿಸುತ್ತ ಹೋದರು. 1991ರ ಹೊತ್ತಿಗೆ ಕಂಪನಿಯ ಹಿಡಿತ ನೌಕರರದಾಯಿತು. 1993ರಲ್ಲಿ, ಅರವತ್ತರ ವಯಸ್ಸಿಗೆ, ಆಕೆ ನಿವೃತ್ತರಾದರು. 1996ರಲ್ಲಿ ಕಂಪನಿ ಲಂಡನ್ ಷೇರುಪೇಟೆ ಪ್ರವೇಶಿಸಿತು. ಒಟ್ಟು 70 ಮಂದಿ ನೌಕರರು ಇದರಿಂದ ಮಿಲಿಯನ್ ಪೌಂಡುಗಳ ಒಡೆಯರಾದರು.

ಗೈಲ್ಸ್ 1998ರಲ್ಲಿ, 35ರ ವಯಸ್ಸಿನಲ್ಲಿ ತೀರಿಕೊಂಡ. ಶರ್ಲಿ ತಮ್ಮ ಸಂಪತ್ತಿನ ಬಹುಪಾಲನ್ನು ಆಟಿಸಂ ಇರುವ ಮಕ್ಕಳ ಶಾಲೆ, ಸಂಶೋಧನೆ ಮತ್ತಿತರ ಕೆಲಸಗಳಿಗೆ ಕೊಟ್ಟರು. 2000ದಲ್ಲಿ ಬ್ರಿಟನ್ ಅವರಿಗೆ 'ಡೇಮ್' ಬಿರುದು ನೀಡಿತು. 2025ರ ಆಗಸ್ಟ್‌ನಲ್ಲಿ, 91ರ ವಯಸ್ಸಿನಲ್ಲಿ ಅವರು ನಿಧನರಾದರು. ಗೆಳೆಯರೆಲ್ಲ ಅವರನ್ನು ಕೊನೆತನಕ ಕರೆಯುತ್ತಿದ್ದದ್ದು 'ಸ್ಟೀವ್' ಎಂದೇ.